ಹಳೆಯ ಜೀಪ್ ಪಿಕಪ್‌ನ ಹಿಂದಿನ ಆಕ್ಸಲ್ ಗುರುತಿಸುವುದು ಹೇಗೆ?



ಕಳೆದ ಸಭೆ ಮುಗಿದು ಚಹಾ ಕುಡಿಯುವಾಗ ಗಡಹಿಂಗ್ಲಜದ ಸದಸ್ಯರೊಬ್ಬರು ಚೀಲದಿಂದ ಒಂದು ಪಿನಿಯನ್ ತೆಗೆದು ಮೇಜಿನ ಮೇಲಿಟ್ಟರು. ತಂದೆ ಇದ್ದಾಗ ಬೆಲ್ಲದ ಪೆಂಟೆ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ ಬರುತ್ತಿದ್ದ ಜೀಪ್ ಪಿಕಪ್ ಅವರ ಮನೆಯಲ್ಲಿ ಇನ್ನೂ ಇದೆ. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಎರಡು ಸಲ ಕ್ರೌನ್-ಪಿನಿಯನ್ ಸೆಟ್ ತಂದರು, ಎರಡೂ ಸಲ ಕೂಡಲಿಲ್ಲ. ಅಂಗಡಿಯಲ್ಲಿ “ಜೀಪಿನದು ಕೊಡಿ” ಎಂದು ಕೇಳಿದ್ದೇ ತಪ್ಪಾಯಿತು. ಇದೇ ಪ್ರಶ್ನೆಯನ್ನು ಇಚಲಕರಂಜಿಯ ಇನ್ನೊಬ್ಬರೂ ಕೇಳಿದ್ದರಿಂದ, ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಗುಮಾಸ್ತಿಕೆ ಮಾಡಿದವನು, ಮೊದಲು ಕಾಗದ ನೋಡುವ ಅಭ್ಯಾಸ. ಆದರೆ ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು, ಚಾಸಿಸ್ ನಂಬರು ಸಿಗುತ್ತವೆಯೇ ಹೊರತು ಆಕ್ಸಲ್ ಯಾವ ಮಾದರಿಯದು, ಅದಕ್ಕೆ ಎಷ್ಟು ಹಲ್ಲು ಎಂಬುದು ಇರುವುದಿಲ್ಲ. ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪ್ ಜೋಡಿಸಲು ತೊಡಗಿದ್ದು 1947ರಲ್ಲಿ. ಅಷ್ಟು ಹಳೆಯ ವಂಶದ ಗಾಡಿಗೆ ಎಂಜಿನ್ ಬದಲಾಗಿರುತ್ತದೆ, ಹೌಸಿಂಗ್ ಬದಲಾಗಿರುತ್ತದೆ. ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸಿದವರು ಎಷ್ಟೋ ಕಡೆ ಆಕ್ಸಲ್ ಅನ್ನೂ ಬದಲಿಸಿದ್ದಾರೆ. ಆದ್ದರಿಂದ ಗಾಡಿಯ ಹೆಸರು ನಂಬಬೇಡಿ, ಗಾಡಿಯ ಕೆಳಗೆ ಹೋಗಿ ನೋಡಿ.

1. ಹೌಸಿಂಗ್‌ನ ಆಕಾರ

ಮೊದಲು ಗುಂಡು ಭಾಗದ ಹಿಂಬದಿ ನೋಡಿ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ತಗಡಿನ ಮುಚ್ಚಳ ಇದ್ದರೆ ಅದು ಹೆಚ್ಚಾಗಿ ಸ್ಪೈಸರ್ ಜಾತಿಯದು. ಜೀಪಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಹಿಂಬದಿಗೆ ಮುಚ್ಚಳವಿಲ್ಲದೆ, ಡಿಫರೆನ್ಶಿಯಲ್ ಮುಂದಿನಿಂದ ಹೊರಬರುವಂತಿದ್ದರೆ ಅದು ಬ್ಯಾಂಜೋ ಜಾತಿ. ಅಂಬಾಸಿಡರ್ ಕಾರಿನದು ಹಾಗಿರುತ್ತದೆ. ಹೌಸಿಂಗ್ ನಡುವೆಯೇ ಎರಡು ಹೋಳಾಗಿ ಬೋಲ್ಟ್ ಹಾಕಿ ಸೇರಿಸಿದ್ದರೆ ಅದು ಮೂರನೆಯ ಜಾತಿ. ಅಮೆರಿಕದಲ್ಲಿ ತಯಾರಾದ ಮೊದಮೊದಲ ವಿಲ್ಲಿಸ್ ಫೋರ್-ವೀಲ್ ಪಿಕಪ್‌ಗಳಲ್ಲಿ ಟಿಮ್ಕೆನ್ ಕಂಪನಿಯ ಇಂಥ ಆಕ್ಸಲ್ ಇತ್ತು.

ಮುಚ್ಚಳದ ಬೋಲ್ಟ್ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಸ್ಪೈಸರ್ 25, 27, 41, 44 ಎಲ್ಲಕ್ಕೂ 10 ಬೋಲ್ಟ್‌ಗಳೇ. ಹೌಸಿಂಗ್‌ನ ಎರಕದಲ್ಲಿ, ಪಟ್ಟಿಗಳ ನಡುವೆ, “44” ಎಂಬ ಉಬ್ಬು ಅಂಕಿ ಇದೆಯೇ ಎಂದು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಹತ್ತಾರು ವರ್ಷದ ಎಣ್ಣೆ-ಧೂಳು ಹೋಗುವವರೆಗೆ ಅದು ಕಾಣುವುದಿಲ್ಲ.

2. ಗಾಲಿಯ ನಡುಭಾಗ

ಡಸ್ಟ್ ಕ್ಯಾಪ್ ತೆಗೆದಾಗ ನಡುವೆ ಒಂದು ದೊಡ್ಡ ನಟ್ಟು, ಅದಕ್ಕೆ ಕಾಟರ್ ಪಿನ್ ಇದ್ದರೆ ಅದು ಸೆಮಿ-ಫ್ಲೋಟಿಂಗ್, ಅಂದರೆ ಶಾಫ್ಟ್‌ನ ಚೂಪು ತುದಿಗೆ ಹಬ್ ಕೂತಿದೆ. ಅದರ ಬದಲು ಹಬ್‌ನಿಂದ ಹೊರಚಾಚಿದ ತಟ್ಟೆಯೊಂದನ್ನು ಸುತ್ತಲೂ ಬೋಲ್ಟ್ ಹಾಕಿ ಬಿಗಿದಿದ್ದರೆ ಅದು ಫುಲ್-ಫ್ಲೋಟಿಂಗ್. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿಗೆ ಹಿಂದೆ ಇಂಥದೇ ಇತ್ತು.

ಈ ವ್ಯತ್ಯಾಸ ಬಿಡಿಭಾಗ ಕೊಳ್ಳಲಷ್ಟೇ ಅಲ್ಲ, ಜೀವಕ್ಕೂ ಸಂಬಂಧಿಸಿದ್ದು. ಫುಲ್-ಫ್ಲೋಟಿಂಗ್‌ನಲ್ಲಿ ಶಾಫ್ಟ್ ತುಂಡಾದರೂ ಭಾರ ಹೌಸಿಂಗ್ ಮೇಲಿರುವುದರಿಂದ ಗಾಲಿ ನಿಲ್ಲುತ್ತದೆ. ಸೆಮಿ-ಫ್ಲೋಟಿಂಗ್‌ನಲ್ಲಿ ಶಾಫ್ಟ್ ತುದಿ ಮುರಿದರೆ, ಅಥವಾ ನಟ್ಟು ಸಡಿಲಾಗಿ ಕೀಲಿ ಸವೆದರೆ, ಗಾಲಿ ಡ್ರಮ್ ಸಮೇತ ಹೊರಗೆ ಹೋಗಬಹುದು. ಕಬ್ಬಿನ ಹಂಗಾಮಿನಲ್ಲಿ ಹೇರು ಹಾಕುವವರು ಇದನ್ನು ಮರೆಯಬಾರದು. ಕಾಟರ್ ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಕೂಡಿಸಬೇಕು, ಹಿಂದಕ್ಕೆ ಸಡಿಲಿಸಿ ಅಲ್ಲ.

3. ಹಲ್ಲಿನ ಲೆಕ್ಕ

ಮುಚ್ಚಳದ ಒಂದು ಬೋಲ್ಟ್ ಕೆಳಗೆ ಚಿಕ್ಕ ತಗಡಿನ ಚೀಟಿ ಉಳಿದಿದ್ದರೆ ನಿಮ್ಮ ಅದೃಷ್ಟ. 43-8 ಎಂದಿದ್ದರೆ ಕ್ರೌನಿಗೆ 43, ಪಿನಿಯನ್‌ಗೆ 8 ಹಲ್ಲು, ಅಂದರೆ 5.38. ಸಿಜೆ-3ಬಿ ಜೀಪಿನ ಲೆಕ್ಕ ಇದು. 39-8 ಎಂದರೆ 4.88, 47-11 ಎಂದರೆ 4.27. ಅಂಕಿ ದೊಡ್ಡದಾದಷ್ಟು ಎಳೆತ ಹೆಚ್ಚು, ಓಟ ಕಡಿಮೆ.

ಚೀಟಿ ಇಲ್ಲದಿದ್ದರೆ ಹೀಗೆ ಮಾಡಿ. ಹಿಂದಿನ ಒಂದು ಗಾಲಿಯನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿ. ಗೇರು ನ್ಯೂಟ್ರಲ್‌ನಲ್ಲಿ, ಫೋರ್-ವೀಲ್ ತಪ್ಪಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸುಣ್ಣದ ಗುರುತು ಹಾಕಿ. ಗಾಲಿಯನ್ನು ಸರಿಯಾಗಿ 20 ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಇನ್ನೊಂದು ಗಾಲಿ ನೆಲದಲ್ಲಿ ನಿಂತಿರುವುದರಿಂದ ಕ್ರೌನ್ ಅರ್ಧ, ಅಂದರೆ 10 ಸುತ್ತು ಮಾತ್ರ ತಿರುಗುತ್ತದೆ. ಶಾಫ್ಟ್ 53 ಮುಕ್ಕಾಲು ಸುತ್ತಿದರೆ 5.38, 48 ಮುಕ್ಕಾಲು ಸುತ್ತಿದರೆ 4.88, ಸುಮಾರು 42 ಮುಕ್ಕಾಲು ಸುತ್ತಿದರೆ 4.27.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಗಾಲಿಯನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸ್‌ನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿ ನೆಲ ಬಿಟ್ಟ ಕೂಡಲೇ ಡಿಫರೆನ್ಶಿಯಲ್‌ನಿಂದಾಗಿ ಆ ಬ್ರೇಕ್ ಇದ್ದೂ ಇಲ್ಲದಂತೆ. ಪಂಕ್ಚರ್ ತೆಗೆಯುವಾಗಲೂ ಅಷ್ಟೇ. ನಮ್ಮ ಮನೆಯ ಜೀಪು ಹಿಂದೊಮ್ಮೆ ಹೀಗೆಯೇ ಜಾಕ್‌ನಿಂದ ಜಾರಿತು, ಅಣ್ಣನ ಕೈ ಕೂದಲೆಳೆಯಲ್ಲಿ ಉಳಿಯಿತು. ಸಮತಟ್ಟು ನೆಲ ಇರಲಿ, ಮುಂದಿನ ಎರಡೂ ಗಾಲಿಗೆ ಹಿಂದೆ-ಮುಂದೆ ಕಲ್ಲು ಕೊಟ್ಟ ಮೇಲೆಯೇ ಜಾಕ್ ಹಚ್ಚಿ.

4. ಫೋರ್-ವೀಲ್ ಗಾಡಿಯಾದರೆ

ಮುಂದಿನ ಆಕ್ಸಲ್‌ಗೂ ಇದೇ ರೀತಿ ಎಣಿಸಿ. ಎರಡರ ಲೆಕ್ಕ ಒಂದೇ ಇರಬೇಕು. ಹಿಂದೆ 4.27, ಮುಂದೆ 5.38 ಇದ್ದರೆ, ಡಾಂಬರು ರಸ್ತೆಯಲ್ಲಿ ಫೋರ್-ವೀಲ್ ಹಾಕಿದೊಡನೆ ಎರಡೂ ಒಂದನ್ನೊಂದು ಎಳೆದಾಡಿ ಗೇರು ಒಡೆಯುತ್ತವೆ.

ಕೊನೆಗೆ, ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಹೌಸಿಂಗ್ ಮೇಲಿನ ಅಂಕಿ, ಸೆಮಿ ಅಥವಾ ಫುಲ್ ಫ್ಲೋಟಿಂಗ್, ಕ್ರೌನ್ ಮತ್ತು ಪಿನಿಯನ್ ಹಲ್ಲು, ಆಕ್ಸಲ್ ಶಾಫ್ಟಿನ ಸ್ಪ್ಲೈನ್ ಎಣಿಕೆ. ಸ್ಪೈಸರ್ 44ರಲ್ಲಿಯೇ 19 ಸ್ಪ್ಲೈನಿನದೂ 30ರದೂ ಇವೆ, ಒಂದಕ್ಕೊಂದು ಕೂಡುವುದಿಲ್ಲ. ಸಾಧ್ಯವಾದರೆ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ.

ಗಡಹಿಂಗ್ಲಜದ ನಮ್ಮ ಸದಸ್ಯರು ಮೊನ್ನೆ ಫೋನ್ ಮಾಡಿದ್ದರು. ಎಣಿಸಿದಾಗ ಅವರ ಗಾಡಿಯ ಹಿಂದಿನದು 39-8 ಬಂತಂತೆ. ತಂದಿದ್ದ ಎರಡೂ ಸೆಟ್ಟು 43-8. ಮುಂದಿನದನ್ನೂ ಎಣಿಸಿ, ಆಮೇಲೆ ದುಡ್ಡು ಬಿಚ್ಚಿ ಎಂದು ಹೇಳಿದ್ದೇನೆ. ನಿಮ್ಮ ಮನೆಯಂಗಳದಲ್ಲಿಯೂ ಇಂಥ ಗಾಡಿ ಇದ್ದರೆ, ಎಣಿಸಿದ ಚೀಟಿಯನ್ನು ಮುಂದಿನ ಮಾಸಿಕ ಸಭೆಗೆ ತನ್ನಿರಿ, ಕೂಡಿ ನೋಡೋಣ.

ಇಂತಿ ನಿಮ್ಮವ,
ಕಾರ್ಯದರ್ಶಿ