ಚಿಕ್ಕಮ್ಮನ ಪೆನ್ಸಿಲ್ ಗೆರೆ

ನಮ್ಮ ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಸವನಗುಡಿಯಲ್ಲಿ, ಡಿ.ವಿ.ಜಿ. ರಸ್ತೆಯಿಂದ ಸ್ವಲ್ಪ ಒಳಗೆ, ತಾತ ಕಟ್ಟಿಸಿದ ಮನೆಯ ಮುಂದಿನ ಕೋಣೆಯಲ್ಲಿ ಈಗಲೂ ಒಬ್ಬರೇ ಇದ್ದಾರೆ. ಅವರ ಬೀರುವಿನ ಕೆಳಗಿನ ಅರೆಯಲ್ಲಿ ಟೈಟನ್ ಕಂಪನಿಯ ವಾರ್ಷಿಕ ವರದಿಗಳನ್ನು ವರ್ಷದ ಪ್ರಕಾರ ಜೋಡಿಸಿಟ್ಟಿದ್ದಾರೆ. ಒಂದೊಂದರಲ್ಲೂ ಅಲ್ಲಲ್ಲಿ ಪೆನ್ಸಿಲ್ ಗೆರೆ. ಆ ಕಂಪನಿಯ ಷೇರು ಮೊದಲ ಸಲ ಜನರಿಗೆ ಬಂದಾಗ 50 ಷೇರು ಕೊಂಡರು. ಇವತ್ತಿನವರೆಗೆ ಒಂದನ್ನೂ ಮಾರಿಲ್ಲ.

ನಮ್ಮ ಅಪ್ಪನೂ ಷೇರು ಕೊಂಡವರೇ, ಮಾರದವರೇ. ಅವರು ಹೋದ ಮೇಲೆ ಚಾಮರಾಜಪೇಟೆಯ ಮನೆಯ ಅಟ್ಟದಿಂದ ಒಂದು ಟ್ರಂಕು ಇಳಿಸಿದೆವು. ಮಡಿಸಿದ ಪಂಚೆಯ ಕೆಳಗೆ ಹಳದಿಗಟ್ಟಿದ ಷೇರು ಪತ್ರಗಳಿದ್ದವು. ಅರ್ಧಕ್ಕರ್ಧ ಬರೀ ಕಾಗದ. ಒಂದೇ ಕುಟುಂಬ, ಒಂದೇ ತಾಳ್ಮೆ. ಒಬ್ಬರಿಗೆ ಮುಪ್ಪಿನ ಆಸರೆ ಆಯಿತು, ಇನ್ನೊಬ್ಬರಿಗೆ ಆಗಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟ ನನಗೆ ಈ ಲೆಕ್ಕವನ್ನು ಹಾಗೇ ಬಿಡುವುದು ಸಾಧ್ಯವಾಗಲಿಲ್ಲ.

ಗಡಿಯಾರದಿಂದಲೇ ಶುರು ಮಾಡುತ್ತೇನೆ. ನಮ್ಮ ಕಾಲದ ಬೆಂಗಳೂರಿನಲ್ಲಿ ವಾಚು ಅಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಇಲ್ಲೇ ಶುರುವಾದ ವಾಚು ಕಾರ್ಖಾನೆ ಅದು. ಅಳಿಯನಿಗೆ ಕೊಡುವ ವಾಚು, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಕೊಡಿಸುವ ವಾಚು. ಅಪ್ಪ ತಮ್ಮ ಜನತಾ ವಾಚಿಗೆ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಡುತ್ತಿದ್ದರು.

ಆಮೇಲೆ ಕ್ವಾರ್ಟ್ಜ್ ಬಂತು. ಸ್ಪ್ರಿಂಗಿನ ಜಾಗದಲ್ಲಿ ಬ್ಯಾಟರಿ, ಒಳಗೊಂದು ಸಣ್ಣ ಹರಳು. ಆ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹದಿನೈದನೆಯ ಘಾತಕ್ಕೆ ಸಿಗುವ ಸಂಖ್ಯೆ ಅದು. ಅರ್ಧ, ಅರ್ಧ ಮಾಡುತ್ತಾ ಬಂದರೆ ಸರಿಯಾಗಿ ಸೆಕೆಂಡಿಗೆ ಒಂದು ಟಿಕ್ ಉಳಿಯುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳು ತಮ್ಮ ಮಣಿಕಟ್ಟು ನೋಡಿಕೊಳ್ಳುತ್ತಿದ್ದರು. ಕ್ವಾರ್ಟ್ಜ್ ವಾಚನ್ನು ಟೈಟನ್‌ಗಿಂತ ಮೊದಲೇ ಎಚ್‌ಎಂಟಿ ಮಾಡಿತ್ತು. ಆದರೆ ಅದರ ಮನಸ್ಸು ಕೀ ಕೊಡುವ ವಾಚಿನಲ್ಲೇ ಉಳಿಯಿತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ನಿಗಮವೂ ಸೇರಿ ಕಟ್ಟಿದ ಟೈಟನ್, ಹೊಸೂರಿನಲ್ಲಿ ಕಾರ್ಖಾನೆ ತೆರೆದು ತನ್ನೆಲ್ಲ ಶಕ್ತಿಯನ್ನು ಕ್ವಾರ್ಟ್ಜ್ ಮೇಲೆ ಹಾಕಿತು. 1987ರಲ್ಲಿ ಇನ್‌ಫ್ಯಾಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ ಅದರ ಅಂಗಡಿ ತೆರೆದಾಗ ಚಿಕ್ಕಮ್ಮ ಬಸ್ಸು ಹಿಡಿದು ಹೋಗಿ ನೋಡಿ ಬಂದರು. "ವಾಚನ್ನ ಒಡವೆ ಥರ ಗಾಜಿನೊಳಗೆ ಇಟ್ಟಿದ್ದಾರೆ ಕಣೇ" ಅಂದಿದ್ದರು. ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೊಸ ತಂತ್ರಜ್ಞಾನ ತಂದವನ ಷೇರು ಕೊಂಡರೆ ಸಾಕು ಎನ್ನಬಹುದಿತ್ತು. ಆದರೆ ಟೈಮು ನೋಡುವ ಕೆಲಸವನ್ನು ಮೊಬೈಲು ಕಿತ್ತುಕೊಂಡಿತಲ್ಲ! ಟೈಟನ್ ಬರೀ ವಾಚಿನ ಕಂಪನಿಯಾಗಿ ಉಳಿದಿದ್ದರೆ ಚಿಕ್ಕಮ್ಮನ ಷೇರು ಎಲ್ಲಿರುತ್ತಿತ್ತೋ. 1990ರ ದಶಕದ ಮಧ್ಯದಲ್ಲಿ ಅದು ತನಿಷ್ಕ್ ಹೆಸರಿನಲ್ಲಿ ಒಡವೆ ವ್ಯಾಪಾರಕ್ಕೆ ಇಳಿಯಿತು. ಮೊದಲ ವರ್ಷಗಳಲ್ಲಿ ಅದರಿಂದ ನಷ್ಟವೇ. ಆ ವರ್ಷಗಳ ವರದಿಗಳಲ್ಲಿ ಚಿಕ್ಕಮ್ಮನ ಗೆರೆಗಳು ಜಾಸ್ತಿ, ಒಂದು ಕಡೆ ಅಂಚಿನಲ್ಲಿ "ಚಿನ್ನ ಯಾಕೆ?" ಎಂದು ಬರೆದಿದ್ದಾರೆ. ಆರೇಳು ವರ್ಷದ ನಂತರದ ವರದಿಯಲ್ಲಿ ಅದೇ ವಿಭಾಗದ ಪಕ್ಕ ಬರೀ ಒಂದು ಟಿಕ್ ಗುರುತು. ಇವತ್ತು ಆ ಕಂಪನಿಯ ವಹಿವಾಟಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಒಡವೆಯದು. 2011ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟು, 10 ರೂಪಾಯಿ ಮುಖಬೆಲೆಯ ಷೇರನ್ನು ಒಂದೊಂದು ರೂಪಾಯಿಯದಾಗಿ ಒಡೆದರು. ಚಿಕ್ಕಮ್ಮನ 50 ಷೇರು 1,000 ಆಯಿತು.

ಹಾಗಂತ ಬೋನಸ್ಸಿನಿಂದ ದುಡ್ಡು ಹುಟ್ಟುವುದಿಲ್ಲ. ಒಂದು ಹೋಳಿಗೆಯನ್ನು ಎರಡು ಮಾಡಿದರೆ ಹೂರಣ ಹೆಚ್ಚುವುದಿಲ್ಲ. ಷೇರು ಎರಡಾದ ದಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹೂರಣ ಹೆಚ್ಚುವುದು ಕಂಪನಿ ಪ್ರತಿ ವರ್ಷ ಗಳಿಸುವ ಲಾಭದಿಂದ ಮಾತ್ರ. ಇನ್ಫೋಸಿಸ್ಸಿನ ವಿಷಯದಲ್ಲಿ ಎಲ್ಲರೂ ಮರೆಯುವುದು ಇದನ್ನೇ.

1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಷೇರಿನ ಅರ್ಜಿ ನಮ್ಮ ಸ್ಟಾಫ್ ರೂಮಿಗೂ ಬಂದಿತ್ತು. ಷೇರಿಗೆ 95 ರೂಪಾಯಿ, 100 ಷೇರಿಗೆ 9,500. ಸಾಫ್ಟ್‌ವೇರ್ ಎಂದರೇನೆಂದು ನಮಗೆ ಗೊತ್ತಿರಲಿಲ್ಲ, ಯಾರೂ ತುಂಬಲಿಲ್ಲ. ಊರಿಗೂ ಗೊತ್ತಿರಲಿಲ್ಲ, ಆ ಷೇರಿಗೆ ಪೂರ್ತಿ ಗಿರಾಕಿ ಸಿಗದೆ ಮಾರ್ಗನ್ ಸ್ಟಾನ್ಲಿ ಸಂಸ್ಥೆ ನೂರಕ್ಕೆ 13 ಪಾಲು ತೆಗೆದುಕೊಂಡಿತು. ಜೂನ್‌ನಲ್ಲಿ ಪೇಟೆಗೆ ಬಂದಾಗ ಬೆಲೆ 145. ಅವತ್ತಿನ 100 ಷೇರು ಬೋನಸ್ಸು, ವಿಭಜನೆ ಎಲ್ಲ ಸೇರಿ 2018ರ ಹೊತ್ತಿಗೆ 1,02,400 ಆಯಿತು. ಹತ್ತು ಸಲ ಇಮ್ಮಡಿ.

ಈ ಲೆಕ್ಕವನ್ನು ಗಾಂಧಿ ಬಜಾರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನಡುವಿನ ವರ್ಷಗಳನ್ನು ಹೇಳುವುದಿಲ್ಲ. 2000ದ ಮಾರ್ಚಿನಲ್ಲಿ ಆಕಾಶ ಮುಟ್ಟಿದ್ದ ಬೆಲೆ ಮುಂದಿನ ವರ್ಷದ ಹೊತ್ತಿಗೆ ಐದರಲ್ಲಿ ನಾಲ್ಕು ಪಾಲು ಕಳೆದುಕೊಂಡಿತು. 2003ರ ಏಪ್ರಿಲ್ 10ರಂದು, ಒಂದೇ ದಿನದಲ್ಲಿ, ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಆಗ ಮಾರಿಬಿಟ್ಟವರನ್ನು ನಾನು ತಪ್ಪೆನ್ನಲಾರೆ. ಆದರೆ ಆ ಮೂರೂ ವರ್ಷ ಕಂಪನಿಯ ಆದಾಯ ಏರುತ್ತಲೇ ಇತ್ತು. ಬೆಲೆ ಬಿದ್ದಿತ್ತು, ವ್ಯಾಪಾರ ಬಿದ್ದಿರಲಿಲ್ಲ.

ಅಪ್ಪನ ಟ್ರಂಕಿನಲ್ಲಿದ್ದ ಒಂದು ಟಿವಿ ಕಂಪನಿಯದು ಇದರ ತದ್ವಿರುದ್ಧ. ಹೆಸರು ಬೇಡ. ಹೊರದೇಶದ ಟಿವಿಗಳು ಬಂದ ಮೇಲೆ ಅದರ ಬೆಲೆಯೂ ಬಿತ್ತು, ಮಾರಾಟವೂ ಬಿತ್ತು. ನಮ್ಮ ಬೀದಿಯಲ್ಲೇ ಮನೆ ಮನೆಗೆ ಹೊಸ ಬ್ರಾಂಡಿನ ಡಬ್ಬಿ ಇಳಿಯುತ್ತಿತ್ತು. ಅಪ್ಪ ಕಿಟಕಿಯಲ್ಲಿ ಕೂತು ನೋಡುತ್ತಿದ್ದರು, ಆದರೆ ಅದನ್ನು ಅಟ್ಟದ ಮೇಲಿನ ಕಾಗದದೊಂದಿಗೆ ಸೇರಿಸಿ ಯೋಚಿಸಲಿಲ್ಲ. ಮಾರದೆ ಇರುವುದೇ ದೀರ್ಘಾವಧಿ ಹೂಡಿಕೆ ಎಂದು ಅವರು ನಂಬಿದ್ದರು. ಬೆಲೆ ಬಿದ್ದಾಗ ವ್ಯಾಪಾರವೂ ಬಿದ್ದಿದೆಯೇ ಎಂದು ಕೇಳುವ ಅಭ್ಯಾಸ ಚಿಕ್ಕಮ್ಮನಿಗಿತ್ತು, ಅಪ್ಪನಿಗಿರಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಎಂದು ನನ್ನ ಲೆಕ್ಕ.

ಟ್ರಂಕಿನಲ್ಲಿ ಒಂದು ಒಳ್ಳೆಯ ಕಂಪನಿಯ ಷೇರೂ ಇತ್ತು. ಅಪ್ಪ ಮನೆ ಬದಲಿಸಿದಾಗ ವಿಳಾಸ ತಿಳಿಸಿರಲಿಲ್ಲ, ಡಿವಿಡೆಂಡ್ ವಾರಂಟುಗಳು ಬರುವುದು ನಿಂತಿತ್ತು. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಆ ಷೇರು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ ಹೋಗುತ್ತದೆ. ಹೋದದ್ದು ಮುಳುಗುವುದಿಲ್ಲ, ಐಇಪಿಎಫ್-5 ಎಂಬ ಅರ್ಜಿ ಹಾಕಿ ವಾರಸುದಾರರು ವಾಪಸು ಕೇಳಬಹುದು. ಆದರೆ ಷೇರು ಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಇನಿಷಿಯಲ್, ಮರಣ ಪ್ರಮಾಣಪತ್ರದಲ್ಲಿ ಎರಡು. ಕಾಗದ ಹೊಂದಿಸಲು ನಮಗೆ ಒಂದೂವರೆ ವರ್ಷ ಹಿಡಿಯಿತು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಿ ಇನ್ನೊಬ್ಬರ ಹೆಸರಿಗೆ ಮಾಡುವಂತೆಯೂ ಇಲ್ಲ, ಡಿಮ್ಯಾಟ್, ಅಂದರೆ ಎಲೆಕ್ಟ್ರಾನಿಕ್ ರೂಪಕ್ಕೆ, ಆಗಲೇಬೇಕು. ನಿಮ್ಮ ಮನೆಯ ಅಟ್ಟದಲ್ಲೂ ಟ್ರಂಕಿದ್ದರೆ ದಯವಿಟ್ಟು ಈ ಭಾನುವಾರವೇ ಇಳಿಸಿ. ನಾಮಿನಿ ಹೆಸರನ್ನೂ ಬರೆಸಿ.

ಅಣ್ಣನ ಮಗ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಫೋನಿನಲ್ಲೇ ಕೊಳ್ಳುತ್ತಾನೆ, ಮಾರುತ್ತಾನೆ. ಕೆಲವು ತಿಂಗಳು ಆಪ್ಷನ್ಸ್ ಆಟವನ್ನೂ ಆಡಿದ. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಅದನ್ನು ತೋರಿಸಿದ ಮೇಲೆ ನಿಲ್ಲಿಸಿದ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ. "ಅತ್ತೆ, ನಾನು ಐಟಿ ಷೇರು ಮಾತ್ರ ಇಟ್ಕೊಳ್ಳೋದು, ನಂಗೆ ಗೊತ್ತಿರೋದು ಅದೇ" ಅಂದ. ಅವನ ಸಂಬಳ ಸಾಫ್ಟ್‌ವೇರಿನಿಂದ. ಕಂಪನಿ ಕೊಟ್ಟ ಷೇರು ಅದರದೇ. ಅವನ ಅಪ್ಪ ಅಮ್ಮನಿಗೆ ಬರುವ ಮೇಲಿನ ಮನೆಯ ಬಾಡಿಗೆಯೂ ಇಬ್ಬರು ಐಟಿ ಹುಡುಗರಿಂದ. ಎಐ ಬಂದು ಆ ಕ್ಷೇತ್ರ ಅಲುಗಾಡಿದರೆ ಮೂರೂ ಒಟ್ಟಿಗೆ ಅಲುಗಾಡುತ್ತವೆ ಕಣೋ ಎಂದೆ. ಬೆಂಗಳೂರಿನಲ್ಲಿ ಎಷ್ಟು ಮನೆಗಳ ಸ್ಥಿತಿ ಹೀಗೇ ಇದೆ!

ವರದಿ ಓದುವ ಬಿಡುವಿಲ್ಲದವರಿಗೆ ಸೂಚ್ಯಂಕ ಫಂಡು ಇದೆ, ನಿಫ್ಟಿಯಂಥ ಸೂಚ್ಯಂಕದ ಪಟ್ಟಿಯಲ್ಲಿರುವ ಷೇರುಗಳನ್ನೇ ಅದು ಕೊಳ್ಳುತ್ತದೆ. ನಿಫ್ಟಿಯ 50 ಕಂಪನಿಗಳ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಪರಿಶೀಲಿಸುತ್ತಾರೆ. ಸೊರಗಿದ್ದು ಹೊರಗೆ, ಬೆಳೆದದ್ದು ಒಳಗೆ. ಇಂಥದ್ದೇ ಇನ್ನೊಂದು ಸೂಚ್ಯಂಕ ಸೆನ್ಸೆಕ್ಸ್. 1986ರ ಅದರ ಮೊದಲ ಪಟ್ಟಿಯಲ್ಲಿ ಅಂಬಾಸಡರ್ ಕಾರಿನ ಹಿಂದೂಸ್ತಾನ್ ಮೋಟರ್ಸ್ ಇತ್ತು, ಪದ್ಮಿನಿ ಕಾರಿನ ಪ್ರೀಮಿಯರ್ ಇತ್ತು. ಇವತ್ತು ಎರಡೂ ಅದರಲ್ಲಿಲ್ಲ. ಅಪ್ಪ ಮಾಡದೆ ಬಿಟ್ಟ ಕೆಲಸವನ್ನು ಈ ಪಟ್ಟಿ ಕಡಿಮೆ ಖರ್ಚಿನಲ್ಲಿ ತಾನೇ ಮಾಡುತ್ತದೆ. ಅಣ್ಣನ ಮಗ ಈಗ ಪ್ರತಿ ತಿಂಗಳು ಅದಕ್ಕೆ ಕಟ್ಟುತ್ತಿದ್ದಾನೆ.

ಹೋದ ವಾರ ಚಿಕ್ಕಮ್ಮನಿಗೆ ಟೈಟನ್‌ನ ವಾರ್ಷಿಕ ವರದಿಯನ್ನು ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ. ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಆದರೂ ಭೂತಗನ್ನಡಿ ಬೇಕು. ಪುಟ ತಿರುವುತ್ತಾ ಕೂತವರು, ನಾನು ಚಪ್ಪಲಿ ಮೆಟ್ಟುವಾಗ ಕೂಗಿದರು: "ಲ್ಯಾಬಿನಲ್ಲೇ ವಜ್ರ ಮಾಡ್ತಾರಂತಲ್ಲೇ ಈಗ. ಇವರು ಅದಕ್ಕೆ ಏನು ಹೇಳಿದ್ದಾರೆ ಅಂತ ಯಾವ ಪುಟದಲ್ಲಿದೆ, ಹುಡುಕಿ ಕೊಟ್ಟು ಹೋಗು."