ಗಡಸು ನೀರು ಮತ್ತು ಬಾಡಿಗೆಯ ಮನೆ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಎಲ್ಲ ನೀರೂ ಒಂದೇ ಅಲ್ಲವೆಂಬುದು ಅಡುಗೆಮನೆಯಲ್ಲಿ ದುಡಿಯುವವರಿಗೆ ಚೆನ್ನಾಗಿ ಗೊತ್ತು. ಒಂದು ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗನೆ ಬೇಯುತ್ತದೆ. ಇನ್ನೊಂದರ ನೀರಿನಲ್ಲಿ ಎಷ್ಟು ಉರಿ ಹಾಕಿದರೂ ಬೇಯದು. ಒಂದರಲ್ಲಿ ಸಾಬೂನು ಸೊಗಸಾಗಿ ನೊರೆ ಕಟ್ಟುತ್ತದೆ. ಇನ್ನೊಂದರಲ್ಲಿ ಬಿಳಿಯ ಗಷ್ಟಾಗಿ ತೇಲುತ್ತದೆ. ಈ ಎರಡನೆಯ ಬಗೆಯದೇ ಗಡಸು ನೀರು. ಬೆಂಗಳೂರಿನ ಜನರು ಕಾವೇರಿಯ ನೀರನ್ನು ಸಿಹಿ ನೀರೆಂದೂ ಕೊಳವೆ ಬಾವಿಯ ನೀರನ್ನು ಉಪ್ಪು ನೀರೆಂದೂ ಕರೆಯುವುದುಂಟು. ಆದರೆ ಈ ಗಡಸುತನಕ್ಕೆ ಕಾರಣ ನಾವು ಉಣ್ಣುವ ಉಪ್ಪಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು.

1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಮೊದಲ ಬಾರಿಗೆ ಬಂದಿತಾದರೂ ಕೊಳವೆ ಬಾವಿಯನ್ನೇ ನಂಬಿರುವ ಮನೆಗಳು ಇಂದಿಗೂ ಅಲ್ಲಿ ಬಹಳ. ಅಂತಹ ಕಟ್ಟಡವೊಂದರಲ್ಲಿ ಮೂರು ನಾಲ್ಕು ಮನೆಗಳನ್ನು ಬಾಡಿಗೆಗೆ ಕೊಟ್ಟವರ ಕಷ್ಟವನ್ನು ನೋಡಿ. ಗೀಸರಿನ ಕಾಯಿಲ್ ಸುಡುತ್ತದೆ, ಷವರ್ ಕಟ್ಟಿಕೊಳ್ಳುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಬಚ್ಚಲಿನ ಗೋಡೆಯ ಮೇಲೆ ಬಿಳಿಯ ಕಲೆ ಕೂರುತ್ತದೆ. ಬಾಡಿಗೆದಾರರು ಅಜಾಗರೂಕರೆಂದು ಮಾಲೀಕರು ದೂರುತ್ತಾರೆ. ಮಾಲೀಕರು ಕಳಪೆ ಸಾಮಾನು ಹಾಕಿಸಿದ್ದಾರೆಂದು ಬಾಡಿಗೆದಾರರು ದೂರುತ್ತಾರೆ. ಮನೆ ಬಿಡುವ ದಿನ ಮುಂಗಡ ಹಣದಲ್ಲಿ ಎಷ್ಟು ಹಿಡಿಯಬೇಕೆಂಬ ಜಗಳ ಏಳುತ್ತದೆ. ಈ ವ್ಯಾಜ್ಯದಲ್ಲಿ ವಿಜ್ಞಾನವು ಏನು ಸಾಕ್ಷ್ಯ ನುಡಿಯುತ್ತದೆಯೋ ಕೇಳೋಣ.

ಮಳೆಯ ನೀರು ಬಹುಮಟ್ಟಿಗೆ ಶುದ್ಧವಾದದ್ದು. ಅದು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಹೆಚ್ಚು ಇಂಗಾಲಾಮ್ಲವಾಯುವನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಬೆಂಗಳೂರಿನ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಆ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳನ್ನು ಮೆಲ್ಲಮೆಲ್ಲನೆ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ತನ್ನಲ್ಲಿ ತುಂಬಿಕೊಳ್ಳುತ್ತದೆ. ಗಡಸುತನವನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಅಳೆಯುವುದು ವಾಡಿಕೆ. 2012ರ ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು 200ರೊಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಕ್ಕದ ಪಕ್ಷದಲ್ಲಿ 600ರವರೆಗೆ ಸಹಿಸಬಹುದು.

ಕರಗಿರುವಷ್ಟು ಕಾಲ ಈ ಲವಣದಿಂದ ಕೊಳವೆಗಳಿಗೆ ಹೆಚ್ಚಿನ ತೊಂದರೆಯಿಲ್ಲ. ತೊಂದರೆ ಆರಂಭವಾಗುವುದು ನೀರು ಕಾದಾಗ. ಸಕ್ಕರೆಯು ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆಯಷ್ಟೆ? ಇಲ್ಲಿ ನಡೆಯುವುದು ಅದಕ್ಕೆ ತೀರ ವಿರುದ್ಧ. ಕಾಯಿಸಿದಾಗ ಬೈಕಾರ್ಬೊನೇಟು ಒಡೆದು ಇಂಗಾಲಾಮ್ಲವಾಯು ಹೊರಹೋಗುತ್ತದೆ; ಕರಗದ ಕಾರ್ಬೊನೇಟು ಉಳಿಯುತ್ತದೆ. ನೀರು ಬಂಡೆಯಿಂದ ಸಾಲವಾಗಿ ತಂದದ್ದನ್ನು ನಮ್ಮ ಬಚ್ಚಲಿನಲ್ಲಿ ತೀರಿಸುತ್ತದೆ! ಹೀಗೆ ಕುದಿಸಿ ಕಳೆಯಬಹುದಾದ ಗಡಸುತನವನ್ನು ತಾತ್ಕಾಲಿಕ ಗಡಸುತನವೆನ್ನುತ್ತಾರೆ. ಸಲ್ಫೇಟು, ಕ್ಲೋರೈಡುಗಳಿಂದ ಬಂದದ್ದು ಕುದಿಸಿದರೂ ಹೋಗದು. ಅದು ಶಾಶ್ವತ ಗಡಸುತನ.

ಈಗ ಒಂದು ಸಣ್ಣ ಲೆಕ್ಕ. ಒಂದು ಕುಟುಂಬ ದಿನಕ್ಕೆ 100 ಲೀಟರ್ ಬಿಸಿನೀರು ಬಳಸುತ್ತದೆ, ನೀರಿನ ತಾತ್ಕಾಲಿಕ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ದಿನಕ್ಕೆ 40 ಗ್ರಾಂ, ವರ್ಷಕ್ಕೆ 14.6 ಕಿಲೋಗ್ರಾಂ ಲವಣವು ಗೀಸರನ್ನು ಹಾದುಹೋಗುತ್ತದೆ. ಅದರಲ್ಲಿ ಇಪ್ಪತ್ತನೆಯ ಒಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ 730 ಗ್ರಾಂ ಕಲ್ಲು ಶೇಖರವಾಯಿತು. ಅದು ಮೊದಲು ಅಂಟಿಕೊಳ್ಳುವುದು ಅತ್ಯಂತ ಬಿಸಿಯಾದ ಸ್ಥಳಕ್ಕೆ, ಎಂದರೆ ಕಾಯಿಲ್ ಮೇಲೆ.

ಹಳೆಯ ಕಾಲದ ತಾಮ್ರದ ಹಂಡೆಯಲ್ಲಿಯೂ ಇಂತಹ ಪದರ ಕಟ್ಟುತ್ತಿತ್ತು. ಆದರೆ ಹಂಡೆಗೂ ಗೀಸರಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಹಂಡೆಯ ಒಳಗೆ ಪದರ ಕಟ್ಟಿದರೆ, ಒಲೆಯ ಶಾಖವು ನೀರನ್ನು ಸೇರಲಾರದೆ ಹೊಗೆಯೊಡನೆ ಹೊರಟುಹೋಗುತ್ತದೆ. ಸೌದೆ ಹೆಚ್ಚು ಬೇಕಾಗುತ್ತದೆ. ಹಂಡೆಗೆ ಅಪಾಯ ಕಡಿಮೆ. ಗೀಸರಿನ ಕಾಯಿಲ್ ನೀರಿನೊಳಗೇ ಮುಳುಗಿದೆ. ಅಲ್ಲಿ ಹುಟ್ಟಿದ ಶಾಖಕ್ಕೆ ನೀರನ್ನು ಬಿಟ್ಟು ಬೇರೆ ದಾರಿಯಿಲ್ಲ. ಪದರವನ್ನು ದಾಟಿಯೇ ಹೋಗಬೇಕು. ದಾಟಲು ಕಾಯಿಲ್ ಇನ್ನಷ್ಟು ಬಿಸಿಯಾಗಲೇಬೇಕು. 2,000 ವಾಟಿನ ಕಾಯಿಲಿನ ಮೇಲ್ಮೈ 200 ಚದರ ಸೆಂಟಿಮೀಟರ್ ಎನ್ನೋಣ. ಒಂದೊಂದು ಚದರ ಸೆಂಟಿಮೀಟರಿನಿಂದಲೂ 10 ವಾಟ್ ಶಾಖ ಹೊರಡಬೇಕು. ಈ ಪದರದ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 1 ವಾಟ್ ಮಾತ್ರ. ತಾಮ್ರದ್ದು ಅದರ 390ರಷ್ಟು. ಲೆಕ್ಕ ಹಾಕಿದರೆ, 1 ಮಿಲಿಮೀಟರ್ ದಪ್ಪದ ಪದರವು ಕಾಯಿಲಿನ ಉಷ್ಣತೆಯನ್ನು 100 ಡಿಗ್ರಿ ಏರಿಸುತ್ತದೆ. 3 ಮಿಲಿಮೀಟರ್ ಕಟ್ಟಿದರೆ 300 ಡಿಗ್ರಿ! ಕೊನೆಗೊಂದು ದಿನ ಹೊರಗವಚ ಬಿರಿದು ಒಳಗಿನ ತಂತಿ ಸುಟ್ಟುಹೋಗುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಶಾಖವೆಲ್ಲವೂ ಕೊನೆಗೆ ನೀರಿಗೇ ಸೇರುವುದರಿಂದ ವಿದ್ಯುತ್ತಿನ ಬಿಲ್ಲು ಹೇಳಿಕೊಳ್ಳುವಷ್ಟು ಏರುವುದಿಲ್ಲ. ಬಿಲ್ಲು ಕಟ್ಟುವ ಬಾಡಿಗೆದಾರರಿಗೆ ಯಾವ ಮುನ್ಸೂಚನೆಯೂ ಸಿಕ್ಕುವುದಿಲ್ಲ. ನಷ್ಟವು ಒಮ್ಮೆಲೇ ಮಾಲೀಕರ ಮೇಲೆ ಬೀಳುತ್ತದೆ. ಬಾಡಿಗೆದಾರರು ಬೇಕೆಂದು ಕೆಡಿಸಿದರೆಂಬ ಸಂಶಯಕ್ಕೆ ಮೂಲ ಇದೇ.

ನೀರು ಒಣಗುವ ಸ್ಥಳ ಗಡಸು ನೀರಿನ ಎರಡನೆಯ ಕಾರ್ಯಕ್ಷೇತ್ರ. ನೀರು ಆವಿಯಾಗುತ್ತದೆ, ಲವಣ ಆವಿಯಾಗದು. ಷವರಿನ ರಂಧ್ರದಲ್ಲಿ ಉಳಿದ ಹನಿಯೊಂದೊಂದೂ ಒಂದು ಸೂಕ್ಷ್ಮ ಪದರವನ್ನು ಬಿಟ್ಟುಹೋಗುತ್ತದೆ. ರಂಧ್ರದ ವ್ಯಾಸ ಅರ್ಧವಾದರೆ, ಅಷ್ಟೇ ಒತ್ತಡದಲ್ಲಿ ಬರುವ ನೀರು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನಲ್ಲಿಯ ವಾಷರಿನಡಿ ಕುಳಿತ ಹರಳು ನಲ್ಲಿಯನ್ನು ಪೂರ್ತಿ ಮುಚ್ಚಗೊಡುವುದಿಲ್ಲ; ಬಲವಾಗಿ ತಿರುಗಿಸಿದರೆ ವಾಷರೇ ಹರಿಯುತ್ತದೆ.

ಆದುದರಿಂದ ಇವು ಯಾರೊಬ್ಬರ ಅಪರಾಧವೂ ಅಲ್ಲ. ನೀರಿನ ಗುಣದಿಂದ ಆಗುವ ಸವಕಳಿ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವೂ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಸವಕಳಿಯ ಹೊಣೆಯನ್ನು ಬಾಡಿಗೆದಾರರ ಮೇಲೆ ಹೊರಿಸುವುದಿಲ್ಲ.

ಪರಿಹಾರವೇನು? ಕೇಡು ಎಲ್ಲೆಂದು ತಿಳಿದ ಮೇಲೆ ಅಲ್ಲಿಗಷ್ಟೇ ಮದ್ದು ಸಾಕು. ಗೀಸರನ್ನು 75 ಡಿಗ್ರಿಗೆ ಬದಲು 60 ಡಿಗ್ರಿಗೆ ಇಟ್ಟರೆ ಪದರ ನಿಧಾನವಾಗಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಲ್ಲವರಿಂದ ಕಾಯಿಲ್ ಬಿಚ್ಚಿಸಿ ಸಿಟ್ರಿಕ್ ಆಮ್ಲದಲ್ಲಿ ತೊಳೆಸಿದರೆ ಕಾಯಿಲಿನ ಆಯುಸ್ಸು ಹೆಚ್ಚುತ್ತದೆ. ಷವರಿನ ತಲೆಯನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಹಾಕಿದರೆ ಸಾಕು. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿ ಗಡಸು ನೀರಿಗೆ ತಿಳಿಸುಣ್ಣ ಬೆರೆಸಿ ಮೆದುಗೊಳಿಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ! ಇಂದು ಮನೆಗಳಲ್ಲಿ ಬಳಸುವುದು ರಾಳದ ಯಂತ್ರ. ಅದು ಕ್ಯಾಲ್ಸಿಯಮನ್ನು ಹಿಡಿದುಕೊಂಡು ಸೋಡಿಯಮನ್ನು ಬಿಡುತ್ತದೆ. ಆಗಾಗ ಅಡುಗೆ ಉಪ್ಪಿನ ದ್ರಾವಣದಿಂದ ಅದನ್ನು ಚೇತರಿಸಬೇಕು. ಇಡೀ ಕಟ್ಟಡಕ್ಕೆ ದೊಡ್ಡ ಯಂತ್ರ ಹಾಕಿಸುವ ಬದಲು ಬಿಸಿನೀರಿನ ಕೊಳವೆಗೆ ಮಾತ್ರ ಸಣ್ಣದನ್ನು ಜೋಡಿಸಿದರೆ ಖರ್ಚು ಕಡಿಮೆ. ಕುಡಿಯುವ ನೀರಿಗೆ ಸೋಡಿಯಂ ಸೇರುವುದೂ ಇಲ್ಲ.

ಎಲ್ಲಕ್ಕಿಂತ ಮೆದುವಾದ ನೀರು ಆಕಾಶದಿಂದ ಬಿಟ್ಟಿಯಾಗಿ ಬರುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 1,200 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಲಕ್ಷ ಲೀಟರಿಗೂ ಮೇಲ್ಪಟ್ಟು ನೀರು ಬೀಳುತ್ತದೆ. ಎಲ್ಲವನ್ನೂ ಹಿಡಿದಿಡಲು ಸಂಪು ಸಾಲದಿರಬಹುದು. ಆದರೂ ಕೊಳವೆ ಬಾವಿಯ ನೀರಿಗೆ ಅಷ್ಟೇ ಮಳೆನೀರು ಬೆರೆತರೆ ಗಡಸುತನ ಅರ್ಧಕ್ಕಿಳಿಯುತ್ತದೆ.

ವಿದ್ಯಾರ್ಥಿಗಳು ತಮ್ಮ ಮನೆಯ ನೀರನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಸೀಸೆಗಳಲ್ಲಿ ಸಮಪ್ರಮಾಣದ ಮಳೆನೀರು, ಕೊಳವೆ ಬಾವಿಯ ನೀರು, ಅದೇ ನೀರನ್ನು ಹತ್ತು ನಿಮಿಷ ಕುದಿಸಿ ಆರಿಸಿ ಸೋಸಿದ್ದು, ಇವನ್ನು ತೆಗೆದುಕೊಳ್ಳಿರಿ. ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ, ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಬರೆದಿಡಿರಿ. ಎರಡನೆಯ ಮತ್ತು ಮೂರನೆಯ ಸೀಸೆಗಳ ವ್ಯತ್ಯಾಸವೇ ತಾತ್ಕಾಲಿಕ ಗಡಸುತನದ ಅಳತೆ. ಆ ವ್ಯತ್ಯಾಸ ಹೆಚ್ಚಾಗಿದ್ದರೆ, ಗೀಸರ್ ಕೆಡುವುದಕ್ಕೆ ಮೊದಲೇ ಮನೆಯ ಮಾಲೀಕರಿಗೆ ತಿಳಿಸಿರಿ.