ಪೆಥಾಲಜಿಗೆ ಯಾರು ಬರುತ್ತಾರೆ?

ಸಂಘದ ಪಿಕ್‌ನಿಕ್‌ನಲ್ಲಿ ಹೊಸಬರು "ನೀವು ಯಾವ ಡಾಕ್ಟರು?" ಎಂದು ಕೇಳುತ್ತಾರೆ. "ಪೆಥಾಲಜಿ" ಎಂದರೆ "ಓ, ರಕ್ತ ಪರೀಕ್ಷೆಯಾ?" ಎನ್ನುತ್ತಾರೆ. ಅದು ನನಗೆ ಅಭ್ಯಾಸವಾಗಿದೆ. ಆದರೆ ಇಲ್ಲೇ ಅಮೆರಿಕದಲ್ಲಿ ಮೆಡಿಕಲ್ ಮೂರನೇ ವರ್ಷದಲ್ಲಿರುವ ಸ್ನೇಹಿತರ ಮಗಳು, "ಅಂಕಲ್, ನೀವು ದಿನವಿಡೀ ಏನು ಮಾಡ್ತೀರಿ?" ಎಂದಾಗ ಯೋಚನೆಗೆ ಬಿದ್ದೆ. ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವ ಕುರ್ಚಿಯಲ್ಲಿ ನಾಳೆ ಯಾರು ಕೂರುತ್ತಾರೆ?

ಹಿಂದೆ ಇಲ್ಲಿಯೂ ಪೆಥಾಲಜಿ ಒಂದು ಪ್ರತ್ಯೇಕ ವಿಷಯವಾಗಿತ್ತು. ಈಗ ಬಹಳಷ್ಟು ಕಡೆ ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಂದು ಅಂಗವಾರು ಪಾಠ. ಪೆಥಾಲಜಿ ಅದರೊಳಗೆ ಕರಗಿದೆ. ಪಾಠ ಉಳಿಯಿತು, ಪೆಥಾಲಜಿಸ್ಟ್ ಕಣ್ಮರೆಯಾದ. ಮುಂದೆ ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ, ಹೆರಿಗೆ ಎಂದು ಕಡ್ಡಾಯ ಪೋಸ್ಟಿಂಗ್‌ಗಳಿವೆ. ನಮ್ಮ ವಿಭಾಗ ಸಾಮಾನ್ಯವಾಗಿ ಅದರಲ್ಲಿಲ್ಲ. ನಾಲ್ಕನೇ ವರ್ಷದ ಆರಂಭಕ್ಕೆ ರೆಸಿಡೆನ್ಸಿ ಅರ್ಜಿ. ನೋಡದ ಊರಿಗೆ ಯಾರು ಟಿಕೆಟ್ ತೆಗೆಸುತ್ತಾರೆ? ಹಾಗಾಗಿ ಪೆಥಾಲಜಿ ಸೀಟುಗಳಲ್ಲಿ ದೊಡ್ಡ ಪಾಲು ನನ್ನಂತೆ ಹೊರದೇಶದಲ್ಲಿ ಓದಿ ಬಂದವರದು.

ಊರಿನಲ್ಲಿ ಕಥೆ ಬೇರೆ. ಎಂಬಿಬಿಎಸ್‌ನಲ್ಲಿ ಪೆಥಾಲಜಿ ಎಲ್ಲರಿಗೂ ಕಡ್ಡಾಯ. ರಾಬಿನ್ಸ್ ಪುಸ್ತಕವೇ ನಮಗೆ ತಲೆದಿಂಬು. ಆದರೂ ಸ್ನಾತಕೋತ್ತರ ಸೀಟನ್ನು ನಿರ್ಧರಿಸುವುದು ರ್‍ಯಾಂಕ್. ರೇಡಿಯಾಲಜಿ, ಮೆಡಿಸಿನ್, ಚರ್ಮರೋಗ ಮುಗಿದ ಮೇಲೆ ನಮ್ಮ ಸರದಿ. 2023ರಲ್ಲಿ ಖಾಲಿ ಸೀಟು ತುಂಬಲು ನೀಟ್ ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಬೇಕಾಯಿತು. ನಾನೂ ರ್‍ಯಾಂಕ್ ತಂದುಕೊಟ್ಟದ್ದನ್ನು ಹಿಡಿದವನೇ. ಅಮ್ಮ ನೆಂಟರಿಗೆ "ಮಗ ಎಂ.ಡಿ. ಮಾಡ್ತಿದ್ದಾನೆ" ಎನ್ನುತ್ತಿದ್ದಳು, ಯಾವುದರಲ್ಲಿ ಎಂದು ಹೇಳುತ್ತಿರಲಿಲ್ಲ.

ರಾತ್ರಿ ಕರೆ ಕಡಿಮೆ, ಸಂಸಾರಕ್ಕೆ ಸಮಯ ಸಿಗುತ್ತದೆ ಎಂದು ಬರುವವರಿದ್ದಾರೆ. ರೋಗಿಯ ಮುಖ ಕಾಣುವುದಿಲ್ಲ, ನಾಲ್ಕು ವರ್ಷದ ರೆಸಿಡೆನ್ಸಿಯ ಮೇಲೆ ಫೆಲೋಶಿಪ್ ಬೇರೆ, ಕೃತಕ ಬುದ್ಧಿಮತ್ತೆ ಕೆಲಸ ಕಸಿದೀತು ಎಂದು ಹಿಂಜರಿಯುವವರೂ ಇದ್ದಾರೆ. ಇವೆಲ್ಲಕ್ಕಿಂತ ಹೆಚ್ಚು ತೂಕದ್ದು ಆ ಕೆಲಸವನ್ನು ಹತ್ತಿರದಿಂದ ಕಂಡದ್ದು ಎಂಬುದು ನನ್ನ ಅನುಭವ. ಎರಡನೇ ವರ್ಷದ ನಂತರ ಒಂದು ವರ್ಷ ಪೆಥಾಲಜಿಯಲ್ಲೇ ರೆಸಿಡೆಂಟ್‌ನಂತೆ ದುಡಿಯುವ ಅವಕಾಶ ಇಲ್ಲಿ ಕೆಲವು ಕಾಲೇಜುಗಳಲ್ಲಿದೆ. ಹಾಗೆ ದುಡಿದವರಲ್ಲಿ ಅನೇಕರು ಇಲ್ಲೇ ಉಳಿಯುತ್ತಾರೆ. (ಒಲವಿದ್ದವರೇ ಅಲ್ಲಿಗೆ ಹೋಗುವುದು ಎಂದರೆ ಅದೂ ನಿಜ.)

ನನ್ನನ್ನು ಕಟ್ಟಿಹಾಕಿದ್ದು ಫ್ರೋಜನ್ ಸೆಕ್ಷನ್. ಸ್ನೇಹಿತರ ಮಗಳಿಗೂ ಅದನ್ನೇ ತೋರಿಸಿದೆ. ಆಪರೇಷನ್ ನಡುವೆಯೇ ತುಣುಕು ಬಂತು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ, 20 ನಿಮಿಷದೊಳಗೆ ಫೋನ್ ಮಾಡಿದೆ: ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಇದೆ. ಸರ್ಜನ್ ಮತ್ತಷ್ಟು ತೆಗೆದು ಕಳಿಸಿದರು. ಈ ಸಲ ಅಂಚು ಶುಭ್ರ.

"ಅಷ್ಟು ಹೊತ್ತೂ ಅವರು ನಿಮಗೋಸ್ಕರ ಕಾಯ್ತಿದ್ರಾ?" ಎಂದಳು.

ಅವಳಿನ್ನೂ ನಿರ್ಧರಿಸಿಲ್ಲ, ಎಮರ್ಜೆನ್ಸಿ ಮೆಡಿಸಿನ್ ಕೂಡ ಮನಸ್ಸಿನಲ್ಲಿದೆಯಂತೆ. ಗುರುವಾರ ಮತ್ತೆ ಬರಲೇ ಎಂದು ಕೇಳಿದ್ದಾಳೆ.